ದೊಡ್ಡವ್ವನ ಆಟೊ ಸ್ಟಾರ್ಟರ್

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಎಂ.ಟೆಕ್ ಪ್ರಬಂಧಕ್ಕಾಗಿ ನಾನು ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ವಿದ್ಯುತ್ ಜಾಲವನ್ನೆಲ್ಲ ಕಂಪ್ಯೂಟರಿನೊಳಗೆ ಕಟ್ಟಿದ್ದೆ. ತಂತಿ, ಟ್ರಾನ್ಸ್‌ಫಾರ್ಮರ್, ಹೊಲದ ಪಂಪು, ಗುಡ್ಡದ ಮೇಲಿನ ಗಾಳಿಯಂತ್ರ, ಒಂದನ್ನೂ ಬಿಟ್ಟಿರಲಿಲ್ಲ. ಆದರೂ ಒಂದು ಕಡೆ ಲೆಕ್ಕ ತಪ್ಪುತ್ತಿತ್ತು. ದಿನಾ ಹೊಲಗಳಿಗೆ ತ್ರೀ ಫೇಸ್ ಕರೆಂಟ್ ಬಿಟ್ಟ ಗಳಿಗೆಗೆ ವೋಲ್ಟೇಜ್ ಕುಸಿದು ನಿಜವಾದ ಗಾಳಿಯಂತ್ರಗಳು ಬಂದ್ ಬೀಳುತ್ತಿದ್ದವು. ನನ್ನ ಕಂಪ್ಯೂಟರಿನವು ಮಾತ್ರ ಹಾಯಾಗಿ ತಿರುಗುತ್ತಿದ್ದವು. ತಿಂಗಳೊಳಗೆ ಎರಡೂ ಹೊಂದದಿದ್ದರೆ ಈ ವರ್ಷ ಪದವಿಯಿಲ್ಲ ಎಂದರು ಗೈಡ್.

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ನನ್ನದಲ್ಲ, ಗಾಳಿಯಂತ್ರದ್ದೇ ಎಂದು ಸಾಧಿಸುವ ಹುಮ್ಮಸ್ಸಿನಲ್ಲಿ ಗುಡ್ಡ ನೋಡಲು ಹೊರಟವನು, ಹಸಿವು ತಾಳದೆ ಕುಪ್ಪೇಲೂರಿನಲ್ಲಿ ಬಸ್ಸಿಳಿದು ದೊಡ್ಡವ್ವನ ಹೊಲಕ್ಕೆ ಹೋದೆ. ಅವಳು ಬದುವಿನ ಮೇಲೆ ರೊಟ್ಟಿ ಗಂಟು ಬಿಚ್ಚಿದಳು. ಮೊದಲ ತುತ್ತು ಬಾಯಿಗಿಡುವುದರೊಳಗೆ ಕರೆಂಟು ಬಂತು. ಅವಳ ಪಂಪು ಗುಡುಗಿತು. ಅದರ ಜೊತೆಗೇ ಪಕ್ಕದ್ದು, ಅದರಾಚೆಯದು, ಹಳ್ಳದ ದಂಡೆಯದು. ಸುತ್ತ ನರಪಿಳ್ಳೆಯೂ ಇರಲಿಲ್ಲ.

"ಯಾರು ಚಾಲೂ ಮಾಡಿದ್ರು, ದೊಡ್ಡವ್ವ?"

"ಆಟೊ ಸ್ಟಾರ್ಟರ್ ಐತಲ್ಲೋ. ಕರೆಂಟ್ ಯಾವಾಗ ಬರ್ತೈತಿ ಅಂತ ಕಾಯ್ಕೊಂತ ಕುಂದ್ರಾಕ ನನಗ ಬ್ಯಾರೆ ಕೆಲಸ ಇಲ್ಲೇನು? ಎಲ್ಲಾರೂ ಹಚ್ಚಿಸ್ಯಾರ."

ನನ್ನ ಕಂಪ್ಯೂಟರ್ ಮಾದರಿಯಲ್ಲಿ ರೈತರೆಲ್ಲ ಶಿಸ್ತಾಗಿ ಮನೆಯಿಂದ ನಡೆದು ಬಂದು, ಒಬ್ಬರಾದ ಮೇಲೊಬ್ಬರು ಸ್ವಿಚ್ ಒತ್ತುತ್ತಿದ್ದರು. ಅಂಥ ರೈತರನ್ನು ನಾನು ಎಲ್ಲಿ ನೋಡಿದ್ದೆನೋ ದೇವರೇ ಬಲ್ಲ. ನಾಚಿಕೆಯಾಯಿತು, ಖುಷಿಯೂ ಆಯಿತು. ವಾಪಸ್ ಹೋಗಿ ಕಂಪ್ಯೂಟರಿನ ಪಂಪುಗಳನ್ನೆಲ್ಲ ಒಂದೇ ಸಲಕ್ಕೆ ಚಾಲೂ ಮಾಡಿಸಿದೆ. ಎಲ್ಲವೂ ಒಟ್ಟಿಗೆ ಕರೆಂಟು ಎಳೆದು ವೋಲ್ಟೇಜ್ ಕುಸಿಯಿತು. ನನ್ನ ಗಾಳಿಯಂತ್ರಗಳೂ ಸಾಲಾಗಿ ಬಂದ್ ಬಿದ್ದವು. ಕೆಟ್ಟು ನಿಂತದ್ದನ್ನು ನೋಡಿ ಕುಣಿದಾಡಿದ್ದು ಅದೊಂದೇ ಸಲ.

ಉತ್ಸಾಹದಲ್ಲಿ ಪರಿಹಾರವನ್ನೂ ಬರೆದೆ: ಒಂದೊಂದು ಪಂಪು ಕೆಲವು ನಿಮಿಷ ಹಿಂದೆಮುಂದೆ ಹೊರಡಲಿ. ಮತ್ತೆ ಕುಪ್ಪೇಲೂರಿಗೆ ಹೋಗಿ ಮೊದಲು ದೊಡ್ಡವ್ವನಿಗೇ ಹೇಳಿದೆ. "ನೀ ಐದು ನಿಮಿಷ ತಡಾ ಮಾಡಿದ್ರ ಎಲ್ಲಾರ್ಗೂ ಚಲೋ."

"ಆಗ್ಲಿ. ಮೊದಲ ಬಾಜೂ ಹೊಲದಾಂವ ತಡಾ ಮಾಡ್ಲಿ."

ಬಾಜೂ ಹೊಲದವನನ್ನು ಕೇಳಿದೆ. ಅವನು ದೊಡ್ಡವ್ವನ ಕಡೆ ಕೈ ತೋರಿಸಿದ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೊನೆಯ ಪುಟದವರೆಗೂ ಗಂಭೀರವಾಗಿ ಓದಿ ಕೇಳಿದರು: "ಈ ಪರಿಹಾರಕ್ಕೆ ರೈತರು ಒಪ್ಪುತ್ತಾರೆಯೆ?"

ಒಪ್ಪುತ್ತಾರೆ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. "ನಮ್ಮ ದೊಡ್ಡವ್ವ ಒಪ್ಪಿಲ್ಲ ಸರ್," ಎಂದುಬಿಟ್ಟೆ. ಗೈಡ್ ತಲೆ ಹಿಡಿದುಕೊಂಡರು. ಪದವಿ ಹೋಯಿತು ಎಂದುಕೊಂಡೆ.

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕುತ್ತ ಹೇಳಿದರು: "ಬ್ಯಾಡಗ್ಯಾಗ ನಮ್ಮಪ್ಪನೂ ಒಪ್ಪಾಂಗಿಲ್ಲ ಬಿಡು."