ಶಾಲೆಯ ನೆಲಕ್ಕೆ ಉಳಿದ ಚೂರು

ಅರಕಲಗೂಡು ಕಡೆಯ ನಮ್ಮ ಸರ್ಕಾರಿ ಶಾಲೆಯ ನೆಲ ಗುಂಡಿ ಬಿದ್ದಿತ್ತು. ರಿಪೇರಿಗೆ ದುಡ್ಡು ಬರುತ್ತದೆಂದು ವರ್ಷಕ್ಕೊಂದು ಪತ್ರ ಬರುತ್ತಿತ್ತು, ಅಷ್ಟೇ. ಹಾಸನದಲ್ಲಿ ದೊಡ್ಡವರ ಮನೆಗಳಿಗೆ ಗ್ರಾನೈಟ್ ಹಾಕುತ್ತಿದ್ದ ಮೇಸ್ತ್ರಿಯೊಬ್ಬರ ಮಗಳು ನಮ್ಮಲ್ಲಿ ಓದುತ್ತಿದ್ದಳು. ಬಿಡುವಾದಾಗಲೆಲ್ಲ ಅವರು ಅಲ್ಲಿ ಉಳಿದ ಚೂರುಗಳನ್ನು ಗೋಣಿಚೀಲದಲ್ಲಿ ತಂದು ಗುಂಡಿಗಳಿಗೆ ಕೂರಿಸುತ್ತಿದ್ದರು. ಕೂರಿಸಿದ ಪ್ರತಿ ಚೂರನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ, “ವೇಸ್ಟ್ ಆಗ್ಬಾರ್ದು ಕಣ್ ಮೇಡಮ್ಮೋರೆ” ಎಂದು ಟೀಚರಾದ ನನಗೆ ಹೇಳುತ್ತಿದ್ದರು.

ಒಮ್ಮೆ ಹಾಗೆ ತಟ್ಟುತ್ತಿದ್ದಾಗಲೇ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಒಳಗೆ ಕಾಲಿಟ್ಟವರು ನೆಲ ನೋಡುತ್ತಾ ನಿಂತರು.

“ಈ ಕಲ್ಲು ಎಲ್ಲೋ ನೋಡ್ದಂಗಿದೆಯಲ್ಲ?”

ಮೇಸ್ತ್ರಿಯ ಮುಖ ಅರಳಿತು. “ನಿಮ್ ಮನೇದೇ ಸಾ!”

ಸಾಹೇಬರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡರು. ನೆನಪಾಗಲಿಲ್ಲ.

“ಯಾವ ಮನೇದಯ್ಯಾ?”