ಕೆನ್ನೆಗೆ ಗೊತ್ತಾಗುವ ನುಣುಪು

ತೊಂಬತ್ತರ ದಶಕದಲ್ಲಿ ಶಿರ್ತಾಡಿಯ ಗದ್ದೆ ಬದುವಿನಲ್ಲಿ ಅಮ್ಮ ಚಟ್ನಿಗೆಂದು ಒಂದೆಲಗ ಕೀಳುತ್ತಿದ್ದಳು. ಅದರ ನಡುವೆ ಅಂಥದೇ ದುಂಡು ಎಲೆಯ, ಆದರೆ ಸಣ್ಣ ರೋಮವಿರುವ ಇನ್ನೊಂದು ಬಳ್ಳಿಯೂ ಹಬ್ಬಿರುತ್ತಿತ್ತು. ಅಮ್ಮ ಪ್ರತಿ ಎಲೆಯನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು.

“ಕೈಯಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ವಾ?” ಎಂದು ಒಮ್ಮೆ ನಾನು ರೇಗಿದೆ.

“ಬೀಡಿ ಕಟ್ಟಿ ಕಟ್ಟಿ ಬೆರಳು ಜಡ್ಡುಗಟ್ಟಿದೆ ಮಗಾ. ಕೆನ್ನೆಗಾದರೆ ಗೊತ್ತಾಗ್ತದೆ,” ಎಂದಳು.

ನುಣುಪಾದದ್ದು ಮಡಿಲಿಗೆ, ರೋಮದ್ದು ಗದ್ದೆಯ ನೀರಿಗೆ. ಒಂದೂ ತಪ್ಪಲಿಲ್ಲ. ನಾನು ಬೆರಗಾಗಿ ನಿಂತೆ.

ವರ್ಷಗಳ ನಂತರ ನನಗೆ ಮಗಳು ಹುಟ್ಟಿದಳು. ನೋಡಲು ಬಂದವರೆಲ್ಲ ಕೈ ಚಾಚಿದರು. ಅಮ್ಮ ಮಾತ್ರ ಕೈಗಳನ್ನು ಬೆನ್ನ ಹಿಂದಿಟ್ಟುಕೊಂಡು ಬಗ್ಗಿ, ಮಗುವಿನ ಪಾದಕ್ಕೆ ಕೆನ್ನೆ ತಾಗಿಸಿದಳು. ಯಾವ ಎಲೆಯನ್ನೂ ಅವಳು ಅಷ್ಟು ಹೊತ್ತು ನೋಡಿದ್ದಿಲ್ಲ.