ಮನೆಯಾಕೆ ಮನೆಯಲ್ಲಿರಬಾರದು

ಬಡಾವಣೆಯಲ್ಲಿ ಎಲ್ಲರಿಗೂ ಅವಳು ಬೀಗದಕ್ಕ. ಅವಳ ಚೀಲದಲ್ಲಿ ಯಾವಾಗಲೂ ಹತ್ತು ಹದಿನೈದು ಮನೆಗಳ ಬೀಗದಕೈ ಇರುತ್ತಿದ್ದವು, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. "ಬಂದ್ಲು ನೋಡಿ, ಇವತ್ತು ಯಾರ ಮನೆ ಖಾಲಿ ಮಾಡಿಸ್ತಾಳೋ" ಎಂದು ಮೂಲೆ ಅಂಗಡಿಯವನು ಕೆಣಕಿದರೆ, "ನಿನ್ನ ಅಂಗಡಿ ಮೇಲೂ ಒಂದು ಕಣ್ಣಿಟ್ಟಿದೀನಿ, ಹುಷಾರು" ಎಂದು ನಡೆದುಬಿಡುತ್ತಿದ್ದಳು.

ಮನೆ ಕೊಡಿಸುವ, ಮಾರಿಸುವ ಆಫೀಸಿನ ಬೋರ್ಡಿನ ಮೇಲೆ ಗಂಡನ ಹೆಸರಿತ್ತು. ಅವನು ತಿರುಗುವ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಮನೆ ತೋರಿಸುವುದು ಅವಳ ಪಾಲು. ತೋರಿಸುವುದೆಂದರೆ ಬರೀ ತೋರಿಸುವುದಲ್ಲ. ಗಿರಾಕಿ ಬರುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ ಸಿಂಕು ಉಜ್ಜಬೇಕು, ಬಚ್ಚಲಿನ ನೆಲ ಒರೆಸಿ ಒಣಗಿಸಬೇಕು, ಕಿಟಕಿ ತೆಗೆದು ರಾತ್ರಿಯ ವಾಸನೆ ಆಚೆ ಕಳಿಸಬೇಕು. ಹದಿನೆಂಟು ವರ್ಷದಲ್ಲಿ ಅವಳು ಮಾರಿದ ಮನೆಗಳಿಗಿಂತ ಉಜ್ಜಿದ ಸಿಂಕುಗಳೇ ಜಾಸ್ತಿ. ಗಂಡ ಅದಕ್ಕೆ 'ಸ್ವಲ್ಪ ಸರಿ ಮಾಡಿ ಬರೋದು' ಎನ್ನುತ್ತಿದ್ದ.

ಕೊಳ್ಳಲು ಬಂದ ಗಂಡಸರು ಮಹಡಿ ಹತ್ತಿ ದಿಕ್ಕು, ರಸ್ತೆ, ಮುಂದೆ ಬೆಲೆ ಏರುವುದರ ಬಗ್ಗೆ ಮಾತಾಡುತ್ತಿರುವಾಗ ಅವಳು ಜೊತೆಗೆ ಬಂದ ಹೆಂಗಸರನ್ನು ಅಡುಗೆಮನೆಗೆ ಕರೆಯುತ್ತಿದ್ದಳು. "ಇಲ್ಲಿ ನಿಂತ್ಕೊಳ್ಳಿ. ಹತ್ತು ಪಾತ್ರೆ ತೊಳೆಯೋವಷ್ಟು ಹೊತ್ತು ಸುಮ್ಮನೆ ನಿಂತ್ಕೊಳ್ಳಿ. ಸೊಂಟ ಏನಂತ ಹೇಳುತ್ತೆ ಕೇಳಿ. ಒದ್ದೆ ಬಟ್ಟೆ ಬಕೆಟ್ ಹಿಡ್ಕೊಂಡು ಇಲ್ಲಿಂದ ಒಣಗಿಸೋ ಜಾಗಕ್ಕೆ ನಡೆದು ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು ಸಲ ಬನ್ನಿ. ಪಕ್ಕದ ಮನೆಯವರನ್ನ ನೀರಿನ ಬಗ್ಗೆ ಕೇಳಿ, ನನ್ನನ್ನ ಕೇಳಬೇಡಿ." ಆ ಸಲಹೆಯನ್ನು ಅವಳು ಮಹಡಿಯ ಮೇಲಿದ್ದವರಿಗೆ ಕೇಳದಂತೆ ಪಿಸುದನಿಯಲ್ಲೇ ಕೊಡುತ್ತಿದ್ದಳು.

ಮಾರುವವರಿಗೆ ಕೊಡುತ್ತಿದ್ದ ಸಲಹೆಯೇ ಬೇರೆ, ಅದನ್ನು ಎಲ್ಲರೆದುರು ಕೊಡುತ್ತಿದ್ದಳು. ಪೊರಕೆ, ಒದ್ದೆ ಬಟ್ಟೆ, ಔಷಧಿ ಬಾಟಲಿ ಯಾವುದೂ ಕಣ್ಣಿಗೆ ಬೀಳಬಾರದು. ಕಾಯಿಲೆಯ ಗುರುತು ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಾಕೆ ಆ ಹೊತ್ತಿಗೆ ಮನೆಯಲ್ಲಿರಬಾರದು. "ಕೊಳ್ಳೋರು ಕಪಾಟು ತೆಗೆದು ನೋಡಬೇಕು. ನೀವು ಎದುರಿಗಿದ್ದರೆ ಅವರಿಗೆ ಸಂಕೋಚ. ಅಲ್ಲದೆ ನೀವು ಬಾಯಿಬಿಟ್ಟರೆ ನಿಜ ಹೇಳ್ತೀರಿ." ಎಲ್ಲರೂ ನಗುತ್ತಿದ್ದರು, ಮನೆಯಾಕೆಯೂ ನಗುತ್ತಾ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದಳು.

ಮೂರನೇ ಅಡ್ಡರಸ್ತೆಯ ಕೊನೆಯ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ.

ಅದು ಡ್ರೈವಿಂಗ್ ಸ್ಕೂಲ್ ನಡೆಸುವವರ ಮನೆ. ನೆಲಮಟ್ಟದ ಒಂದೇ ಅಂತಸ್ತು. ಅವರಿಗೆ ಬಡಾವಣೆಯ ಆಚೆ ತುದಿಯಲ್ಲಿ ಕಟ್ಟಿ ಮುಗಿಯುತ್ತ ಬಂದಿದ್ದ ಕಟ್ಟಡದ ನಾಲ್ಕನೇ ಮಹಡಿಯ ಫ್ಲ್ಯಾಟ್ ಮನಸ್ಸಿಗೆ ಬಂದಿತ್ತು. ಬಾಲ್ಕನಿಯಿಂದ ಕೆರೆ ಕಾಣುತ್ತದೆ, ಲಿಫ್ಟ್ ಇದೆ, ಕಾರು ನಿಲ್ಲಿಸಲು ಎರಡು ಜಾಗ. ಮುಂಗಡವನ್ನೂ ಕೊಟ್ಟಾಗಿತ್ತು. ಹಳೆಯ ಮನೆ ಮಾರಿದರೆ ಉಳಿದದ್ದು ತುಂಬಬಹುದು.

ಬೀಗದಕ್ಕ ಮನೆ ನೋಡಲು ಹೋದಾಗ ಅವರ ಹೆಂಡತಿ ಹಿಂದಿನ ಕೋಣೆಯಲ್ಲಿ ಅತ್ತೆಯ ಮಗ್ಗುಲು ಬದಲಿಸುತ್ತಿದ್ದಳು. ಏಳು ವರ್ಷದ ಹಿಂದೆ ಲಕ್ವ ಹೊಡೆದು ಅಜ್ಜಿಯ ಎಡಭಾಗ ಬಿದ್ದುಹೋಗಿತ್ತು. ಬಾಯಿ ಮಾತ್ರ ಬಿದ್ದಿರಲಿಲ್ಲ.

"ಯಾರೇ ಅದು?"

"ಮನೆ ನೋಡೋಕೆ ಬಂದಿದಾರೆ, ಅತ್ತೆ."

"ಮಾರೋದು ಮನೇನೋ, ನನ್ನನ್ನೋ? ಕೇಳಿಟ್ಕೋ. ಜೊತೇಲೇ ಹೋದ್ರೆ ನಿನಗೂ ಸುಲಭ."

ಬೀಗದಕ್ಕ ಆ ಮನೆಯನ್ನು ಸುತ್ತಿ ನೋಡಿದಳು. ಎಷ್ಟೋ ಮನೆ ಕಂಡವಳಿಗೆ ಇದು ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಹೊಸ್ತಿಲುಗಳನ್ನೆಲ್ಲ ಕೆತ್ತಿ ನೆಲಕ್ಕೆ ಸಮ ಮಾಡಲಾಗಿತ್ತು. ಮುಂಬಾಗಿಲ ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು. ಅಡುಗೆಮನೆಗೂ ಹಿಂದಿನ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ; ಒಲೆಯ ಮುಂದೆ ನಿಂತರೂ ಹಾಸಿಗೆ ಕಾಣಬೇಕು. ಬಚ್ಚಲಿನ ಬಾಗಿಲು ವೀಲ್‌ಚೇರ್ ಸಲೀಸಾಗಿ ಹೋಗುವಷ್ಟು ಅಗಲ, ಒಳಗೆ ಗೋಡೆಗೆ ಎರಡು ಕಬ್ಬಿಣದ ಕಂಬಿ. ಅಜ್ಜಿ ಬಲಗೈಯಿಂದ ಕಂಬಿ ಹಿಡಿದು ಒಂದು ನಿಮಿಷ ನಿಂತರೆ ಸಾಕು, ಸೊಸೆ ಕುರ್ಚಿ ಸರಿಸಿ ಸ್ಟೂಲು ಒಡ್ಡುತ್ತಿದ್ದಳು. ಇಡೀ ಮನೆ ಆ ಒಂದು ನಿಮಿಷದ ಮೇಲೆ ನಿಂತಿತ್ತು.

"ಎಲ್ಲ ನಾನೇ ಮಾಡಿಸಿದ್ದು. ಒಂದೊಂದೇ, ಬಿದ್ದೂ ಎದ್ದೂ ಕಲಿತದ್ದು" ಎಂದಳು ಹೆಂಡತಿ. ಆಮೇಲೆ ಗಂಡನಿಗೆ ಕೇಳದಂತೆ, "ಅಲ್ಲಿ ಹೇಗೋ ಏನೋ ಅಕ್ಕ. ಫ್ಲ್ಯಾಟನ್ನ ನನಗೆ ಮೊಬೈಲಲ್ಲಿ ತೋರಿಸಿದಾರೆ. ಬಾಲ್ಕನಿ ಮಾತ್ರ" ಎಂದಳು.

ಬೀಗದಕ್ಕನ ಮನಸ್ಸಿಗೆ ಏನೋ ಚುಚ್ಚಿತು. ಆದರೆ ಬಾಯಿಗೆ ಬಂದದ್ದು ಹದಿನೆಂಟು ವರ್ಷದ ಅಭ್ಯಾಸ. "ಕಂಬಿ ತೆಗೆಸಿಬಿಡಿ. ಇಳಿಜಾರು ಎತ್ತಿಡಿ. ಆಸ್ಪತ್ರೆ ಥರ ಕಾಣ್ತಿದೆ. ತೋರಿಸೋ ಹೊತ್ತಿಗೆ ಅಜ್ಜೀನ ಸ್ವಲ್ಪ ಆಚೆ ಸುತ್ತಾಡಿಸ್ಕೊಂಡು ಬನ್ನಿ."

ಡ್ರೈವಿಂಗ್ ಸ್ಕೂಲಿನವರು ಅವತ್ತೇ ಕೆಲಸದವನನ್ನು ಕರೆಸಿ ಕಂಬಿ ಕೀಳಿಸಿ, ತೂತು ಮುಚ್ಚಿಸಿ, ಬಿಳಿ ಬಣ್ಣ ಹೊಡೆಸಿದರು.

ಮನೆ ನೋಡಲು ಯಾರಾದರೂ ಬರುತ್ತಾರೆಂದರೆ ಸೊಸೆ ಅತ್ತೆಯನ್ನು ತೊಳೆದು, ಒರೆಸಿ, ಬಟ್ಟೆ ಬದಲಿಸಿ, ಹಾಸಿಗೆ ಮಡಚಿ, ಮಂಚವನ್ನು ಗೋಡೆಗೆ ಒರಗಿಸಿ, ವೀಲ್‌ಚೇರನ್ನು ಮೆಟ್ಟಿಲು ಇಳಿಸಿ, ಅಡ್ಡರಸ್ತೆಗಳಲ್ಲಿ ತಳ್ಳಿಕೊಂಡು ಹೋಗಬೇಕಿತ್ತು. ಬಿಸಿಲಿರಲಿ, ಧೂಳಿರಲಿ, ಒಂದು ಗಂಟೆ. ವಾರಕ್ಕೆ ಮೂರು ಸಲ, ನಾಲ್ಕು ಸಲ. "ರಾಣಿ ಸವಾರಿ ಎಲ್ಲಿಗೆ?" ಎಂದು ಮೂಲೆ ಅಂಗಡಿಯವನು ಕೇಳಿದರೆ ಅಜ್ಜಿ, "ನಮ್ಮನೇಲಿ ನಾನಿಲ್ಲ ಅಂತ ತೋರಿಸ್ತಿದಾರಪ್ಪ, ಅದಕ್ಕೇ ಇಲ್ಲಿದೀನಿ" ಎನ್ನುತ್ತಿದ್ದಳು. ಒಂದು ದಿನ ಬೀಗದಕ್ಕ ಗಿರಾಕಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವಾಗ ಅತ್ತೆ ಸೊಸೆ ಇಬ್ಬರೂ ಬಸ್ ನಿಲ್ದಾಣದ ನೆರಳಿನಲ್ಲಿ ಕೂತಿದ್ದನ್ನು ಕಂಡಳು. ಸೊಸೆ ಬಗ್ಗಿ ಅತ್ತೆಯ ಬಾಯಿಯ ಮೂಲೆ ಒರೆಸುತ್ತಿದ್ದಳು. ಬೀಗದಕ್ಕ ಮುಖ ಈಚೆ ತಿರುಗಿಸಿ, ನೀರಿನ ತೊಟ್ಟಿ ಎಷ್ಟು ದೊಡ್ಡದೆಂದು ಗಿರಾಕಿಗಳಿಗೆ ಹೇಳತೊಡಗಿದಳು.

ಮನೆ ಮಾರಾಟವಾಗಲಿಲ್ಲ. ಐದನೇ ವಾರ ಬಚ್ಚಲಿನಲ್ಲಿ ಅಜ್ಜಿ ಕಂಬಿಯಿದ್ದ ಗೋಡೆಯ ಕಡೆ ಅಭ್ಯಾಸದಿಂದ ಕೈ ಚಾಚಿದಳು. ಹಿಡಿಯಲು ಏನೂ ಸಿಗದೆ ಸೊಸೆಯ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರೂ ಒದ್ದೆ ನೆಲದ ಮೇಲೆ ಬಿದ್ದರು, ಸೊಸೆ ಕೆಳಗೆ, ಅತ್ತೆ ಮೇಲೆ.

ಸುದ್ದಿ ಕೇಳಿ ಬೀಗದಕ್ಕ ಹೋದಾಗ ಹೆಂಡತಿಯ ಎಡಗೈ ಮೊಣಕೈವರೆಗೆ ಪಟ್ಟಿಯಲ್ಲಿತ್ತು. ಬಲಗೈಯೊಂದರಲ್ಲೇ ಅತ್ತೆಗೆ ಊಟ ಮಾಡಿಸುತ್ತಿದ್ದಳು. ನಾದಿನಿ ಬಂದು ಎರಡು ದಿನವಿದ್ದು, ತನಗೂ ಬೆನ್ನುನೋವೆಂದು ವಾಪಸಾಗಿದ್ದಳಂತೆ.

"ನನಗೇನೂ ಆಗಲಿಲ್ಲ" ಎಂದಳು ಅಜ್ಜಿ. "ಸೊಸೆ ಮೇಲೆ ಬಿದ್ದೆ, ಮೆತ್ತಗಿತ್ತು." ಹಾಗೆಂದವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಬೀಗದಕ್ಕ ಹೊರಟಾಗ ಡ್ರೈವಿಂಗ್ ಸ್ಕೂಲಿನವರೂ ಹೆಂಡತಿಯೂ ಗೇಟಿನವರೆಗೆ ಬಂದರು. "ಆದಷ್ಟು ಬೇಗ ಮಾರಿಸಿಬಿಡಿ. ಅಲ್ಲಿ ಲಿಫ್ಟ್ ಇದೆ, ಇವಳಿಗೂ ಅನುಕೂಲ."

"ಕಂಬಿ ವಾಪಸ್ ಹಾಕಿಸಿ" ಎಂದಳು ಬೀಗದಕ್ಕ. "ಇಳಿಜಾರೂ ಇರಲಿ. ಇನ್ಮೇಲೆ ಇವರೂ ಅಜ್ಜಿಯೂ ಮನೇಲೇ ಇರ್ತಾರೆ. ಇದ್ದ ಹಾಗೇ ತೋರಿಸ್ತೀನಿ."

"ಅದೇನ್ರೀ ಹೊಸ ಕಾನೂನು? ಇಷ್ಟು ದಿನ ಬೇರೆ ಹೇಳ್ತಿದ್ರಿ."

"ಇಷ್ಟು ದಿನ ಮನೆ ಹೋಯ್ತಾ?"

ಅವರು ಕೆಲಸದವನಿಗೆ ಫೋನು ಮಾಡಿ ಕಂಬಿ ಮತ್ತೆ ಹಾಕಲು ಹೇಳಿದರು. ಹಾಸಿಗೆ, ಕಂಬಿ, ಔಷಧಿ ಎಲ್ಲ ಕಂಡ ಮೇಲೆ ಬಂದವರು ಓಡಿಹೋಗುತ್ತಾರೆ, ಈ ಹೆಂಗಸಿಗೆ ಇನ್ನಷ್ಟು ತಿಂಗಳು ತನ್ನ ಮನೆ ಉಳಿಯುತ್ತದೆ ಎಂಬುದು ಬೀಗದಕ್ಕನ ಲೆಕ್ಕ. ಬಾಯಿಬಿಟ್ಟು ಹೇಳದಿದ್ದರೂ ಹೆಂಡತಿಗೆ ಅದು ತಿಳಿಯಿತು.

ಆ ಭಾನುವಾರ ಬಂದವರು ಕನ್ನಡಕದಂಗಡಿ ನಡೆಸುವ ಗಂಡ ಹೆಂಡತಿ. ಬೀಗದಕ್ಕ ಸಿಂಕು ಉಜ್ಜಲಿಲ್ಲ. ಬಾಗಿಲಲ್ಲಿ ನಿಂತು, "ಇವರೇ ಮನೆಯವರು, ಇವರೇ ತೋರಿಸ್ತಾರೆ" ಎಂದು ಸರಿದು ನಿಂತಳು.

ಮನೆಯಾಕೆ ಮದುವೆಯಾದ ಇಪ್ಪತ್ತೆರಡು ವರ್ಷದ ಮಾತನ್ನು ಒಮ್ಮೆಲೇ ಆಡಿದಳು. "ಹೊಸ್ತಿಲು ಎಲ್ಲೂ ಇಲ್ಲ ನೋಡಿ, ನಾನೇ ಕೆತ್ತಿಸಿದ್ದು. ನಿಮಗೆ ಚೆನ್ನಾಗಿ ಕಾಣಲ್ಲ. ಈ ಕಿಂಡಿಯಿಂದ ವಗ್ಗರಣೆ ಘಾಟೆಲ್ಲ ಆ ಕೋಣೆಗೆ ಹೋಗುತ್ತೆ. ಆದರೆ ಅತ್ತೆ ಉಸಿರು ಇಲ್ಲಿಗೆ ಕೇಳಿಸುತ್ತೆ. ಬಚ್ಚಲಲ್ಲಿ ನೀರು ಈ ಕಡೆಗೇ ಹರಿಯುತ್ತೆ, ಕುರ್ಚಿ ನಿಲ್ಲೋ ಜಾಗ ಒದ್ದೆಯಾಗಲ್ಲ. ಅದಕ್ಕೋಸ್ಕರ ಎರಡು ಸಲ ನೆಲ ಒಡೆಸಿದೀನಿ. ಅಂಗಳ ಗುಡಿಸೋಕೆ ದಿನಾ ಅರ್ಧ ಗಂಟೆ ಬೇಕು. ಯೋಚನೆ ಮಾಡಿ."

ಅವಳ ಮಾತು ಮುಗಿಯುವ ಹೊತ್ತಿಗೆ ಕನ್ನಡಕದಂಗಡಿಯಾಕೆ ಬಚ್ಚಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

"ನಮ್ಮಪ್ಪನಿಗೆ ಎರಡೂ ಮಂಡಿ ಹೋಗಿದೆ" ಎಂದಳು. "ನಾವಿರೋದು ಎರಡನೇ ಮಹಡಿ ಬಾಡಿಗೆ ಮನೆ. ಮೂರು ತಿಂಗಳಿಂದ ಅವರು ಕೆಳಗೆ ಇಳಿದಿಲ್ಲ. ಮೂವತ್ತು ಮನೆ ನೋಡಿದೀನಿ. ಒಂದು ಮನೇಲೂ ಇಂಥದ್ದು ಯಾರಿಗೂ ಹೊಳೆದಿಲ್ಲ." ಗಂಡನ ಕಡೆ ತಿರುಗಿ, "ಇದೇ ರೀ. ಇನ್ನು ನೋಡೋದು ಬೇಡ" ಎಂದಳು.

ಬೀಗದಕ್ಕ ಮತ್ತು ಮನೆಯಾಕೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಗ್ರಿಮೆಂಟಿಗೆ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಬೀಗದಕ್ಕ ಆಟೋ ತಂದು ನಿಲ್ಲಿಸಿದಳು. "ಫ್ಲ್ಯಾಟ್ ನೋಡೋಣ ಬನ್ನಿ. ಖಾಲಿ ವೀಲ್‌ಚೇರ್ ಜೊತೆಗಿರಲಿ." ಪಕ್ಕದ ಮನೆಯಾಕೆಯನ್ನು ಅಜ್ಜಿಯ ಹತ್ತಿರ ಕೂರಿಸಿ ಇಬ್ಬರೂ ಹೋದರು. ಲಿಫ್ಟಿನಲ್ಲಿ ಕುರ್ಚಿ ಹಿಡಿಸಿತು. ಹಾಲಿನಲ್ಲಿ ಹಿಡಿಸಿತು. ಬಾಲ್ಕನಿಯಿಂದ ಕೆರೆ ನಿಜಕ್ಕೂ ಕಂಡಿತು. ಬಚ್ಚಲಿನ ಬಾಗಿಲಲ್ಲಿ ಮಾತ್ರ ಕುರ್ಚಿಯ ಎರಡೂ ಚಕ್ರ ಚೌಕಟ್ಟಿಗೆ ತಾಗಿ ನಿಂತವು. ಅಡ್ಡ ತಿರುಗಿಸಿದರು, ಹಿಂದುಮುಂದಾಗಿ ತಳ್ಳಿದರು. ನಾಲ್ಕು ಬೆರಳು ಕಡಿಮೆ.

"ಒಡೆದು ಅಗಲ ಮಾಡಬಹುದಾ?" ಎಂದು ಬೀಗದಕ್ಕ ಮೇಸ್ತ್ರಿಯನ್ನು ಕರೆದು ಕೇಳಿದಳು.

"ಎರಡು ಕಡೆಯೂ ಪಿಲ್ಲರು ಮೇಡಂ. ಮುಟ್ಟೋ ಹಾಗಿಲ್ಲ. ಇನ್ನೊಂದು ಬಾತ್‌ರೂಮು ಇದಕ್ಕಿಂತ ಚಿಕ್ಕದು."

ಹೆಂಡತಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿ ಹಿಡಿದು, ಬಲಗೈಯಿಂದ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ಕೆಳಗೆ ಇಳಿಯುವಾಗ, "ಆ ಮನೆ ಇಬ್ಬರ ಹೆಸರಲ್ಲಿದೆ ಅಕ್ಕ" ಎಂದಳು. "ಮದುವೆಗೆ ಮುಂಚೆ ಟೈಪಿಂಗ್ ಮಾಡಿ ದುಡಿದದ್ದು ಆ ಸೈಟಿಗೆ ಹೋಯ್ತು. ನನ್ನ ಸಹಿ ಬೇಕು ಅಲ್ವಾ?"

"ಬೇಕು" ಎಂದಳು ಬೀಗದಕ್ಕ. "ನೀವು ಹಾಕದೆ ಮಾರೋಕಾಗಲ್ಲ."

ಮರುದಿನ ಆಫೀಸಿನಲ್ಲಿ ಬೀಗದಕ್ಕನ ಗಂಡ ಕಾಗದಗಳನ್ನು ಸಾಲಾಗಿ ಜೋಡಿಸಿ ಪೆನ್ನು ಕೊಟ್ಟಾಗ ಮನೆಯಾಕೆ ಅದನ್ನು ತೆಗೆದುಕೊಳ್ಳಲಿಲ್ಲ. "ಫ್ಲ್ಯಾಟಿನ ಬಚ್ಚಲೊಳಗೆ ಕುರ್ಚಿ ಹೋಗಲ್ಲ" ಎಂದಳು.

ಡ್ರೈವಿಂಗ್ ಸ್ಕೂಲಿನವರು ನಕ್ಕರು. "ಅಷ್ಟಕ್ಕೆ ಮನೆ ಬಿಡ್ತಾರಾ? ಬಾಗಿಲವರೆಗೆ ತಳ್ಳೋದು, ಅಲ್ಲಿಂದ ಎತ್ಕೊಂಡು ಹೋದರಾಯ್ತು."

"ಯಾರು?"

"ಯಾರು ಅಂದರೆ?"

"ಎತ್ಕೊಂಡು ಹೋಗೋರು ಯಾರು ಅಂತ. ದಿನಕ್ಕೆ ಐದು ಸಲ."

ಅವರು ಸುತ್ತ ನೋಡಿದರು. ಕನ್ನಡಕದಂಗಡಿಯವನು ತನ್ನ ಕನ್ನಡಕ ಒರೆಸತೊಡಗಿದ. "ಹೊಂದಿಸ್ಕೋಬೇಕಪ್ಪ. ಯಾರನ್ನಾದರೂ ಇಟ್ಕೊಳ್ಳೋಣ" ಎಂದರು ಡ್ರೈವಿಂಗ್ ಸ್ಕೂಲಿನವರು.

"ಏಳು ವರ್ಷದಿಂದ ಇಟ್ಕೊಳ್ಳೋಣ ಅಂತಲೇ ಇದೀರಿ. ಅತ್ತೆ ಕುರ್ಚಿ ಹೋಗೋ ಅಂಥ ಬಚ್ಚಲು ಇರೋ ಮನೆ ಸಿಗೋವರೆಗೆ ನಾನು ಸಹಿ ಹಾಕಲ್ಲ."

ಅವರಿಗೆ ಹೆಂಡತಿಯ ಮೇಲೆ ರೇಗಬೇಕೆಂಬುದು ಹೊಳೆಯಲೇ ಇಲ್ಲ. ಆಕೆ ಹೀಗೆ ಮಾತಾಡಿದ್ದನ್ನು ಅವರು ಹಿಂದೆ ಕೇಳಿರಲಿಲ್ಲ. ಬೀಗದಕ್ಕನ ಕಡೆ ತಿರುಗಿದರು. "ಇದೆಲ್ಲ ನೀವು ಹೇಳಿಕೊಟ್ಟದ್ದು. ನನ್ನ ಮುಂಗಡ ಮುಳುಗಿದರೆ ನೀವು ಕೊಡ್ತೀರಾ?" ಎಂದು ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋದರು. ಬೀಗದಕ್ಕನ ಗಂಡ ಕಾಗದಗಳನ್ನು ಎತ್ತಿಟ್ಟು, "ಗಿರಾಕಿ ಕೈಗೆ ಬಂದ ಮೇಲೆ ಫ್ಲ್ಯಾಟ್ ತೋರಿಸೋಕೆ ನಿನಗೆ ಯಾರು ಹೇಳಿದ್ರು?" ಎಂದ. ಕಂಬಿ ಕೀಳಿಸಲು ಮೊದಲು ಯಾರು ಹೇಳಿದರೆಂಬುದು ಅವಳಿಗೇ ಗೊತ್ತಿತ್ತು.

ಕನ್ನಡಕದಂಗಡಿಯಾಕೆ ಇನ್ನೂ ಕೂತಿದ್ದಳು. ಮೆಲ್ಲಗೆ ಎದ್ದು ಮನೆಯಾಕೆಯ ಹತ್ತಿರ ಬಂದಳು.

"ನಿಮ್ಮ ಮಾತು ತಪ್ಪು ಅನ್ನಲ್ಲ ನಾನು. ಆದರೆ ನಾವು ಎಷ್ಟು ದಿನ ಕಾಯಬೇಕು? ಬೆಳಿಗ್ಗೆ ಅಪ್ಪ ಕೇಳಿದರು, ಯಾವತ್ತು ನೆಲದ ಮೇಲೆ ಕಾಲಿಡ್ತೀನಿ ಅಂತ. ಇನ್ನೇನು, ಅಂದೆ."

ಮನೆಯಾಕೆ ಅವಳ ಕೈ ಹಿಡಿದುಕೊಂಡಳು. ಬೀಗದಕ್ಕನ ಕಡೆ ನೋಡಿದಳು. "ನೆಲಮಟ್ಟದ್ದು ಬೇರೆ ಯಾವುದಾದರೂ ಇದೆಯಾ ಅಕ್ಕ? ನಮಗೋ, ಇವರಿಗೋ?"

ಬೀಗದಕ್ಕ ಅಡ್ಡರಸ್ತೆಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ನಡೆದಳು. ನೆಲಮಟ್ಟದ ಬಹುಪಾಲು ಮನೆಗಳನ್ನು ಒಡೆದು ಮಹಡಿ ಎಬ್ಬಿಸಿಯಾಗಿತ್ತು. ಅವುಗಳಲ್ಲಿ ಅರ್ಧವನ್ನು ಮಾರಿಸಿದವಳು ಅವಳೇ. ಉಳಿದಿದ್ದವುಗಳ ಬಚ್ಚಲಿನ ಬಾಗಿಲು ಎಷ್ಟು ಅಗಲವೆಂದು ಅವಳು ಯಾವತ್ತೂ ಅಳತೆ ತೆಗೆದಿರಲಿಲ್ಲ, ಯಾರೂ ಕೇಳಿರಲಿಲ್ಲ.

"ಸದ್ಯಕ್ಕೆ ನನಗೆ ಗೊತ್ತಿರೋದು ನಿಮ್ಮದೊಂದೇ" ಎಂದಳು. "ಹುಡುಕ್ತೀನಿ. ಸಿಗುತ್ತೆ ಅಂತ ಮಾತ್ರ ಹೇಳಲಾರೆ."

ಮನೆಯಾಕೆ ಗಡಿಯಾರ ನೋಡಿದಳು. ಅತ್ತೆಯ ಮಗ್ಗುಲು ಬದಲಿಸುವ ಹೊತ್ತು ಮೀರಿತ್ತು. ಇವತ್ತೂ ಅಜ್ಜಿಯ ಹತ್ತಿರ ಕೂತಿದ್ದ ಪಕ್ಕದ ಮನೆಯಾಕೆಗೆ ಅದು ಒಬ್ಬಳಿಗೇ ಆಗುವುದಿಲ್ಲ. "ನಾನೂ ಬರ್ತೀನಿ ನಡೀರಿ, ಒಂದು ಕೈಯಲ್ಲಿ ಹೇಗೆ ಮಾಡ್ತೀರಿ" ಎಂದು ಕನ್ನಡಕದಂಗಡಿಯಾಕೆ ಚೀಲ ಹೆಗಲಿಗೇರಿಸಿದಳು. ಒಂದೇ ಮನೆ ಬೇಕಾಗಿದ್ದ ಆ ಇಬ್ಬರೂ ಬಿಸಿಲಿನಲ್ಲಿ ಬಿರಬಿರನೆ ಮೂರನೇ ಅಡ್ಡರಸ್ತೆಯ ಕಡೆ ನಡೆದರು.